ಹೊಳೆ ದಡದ ಕಸ: ಮೊದಲು ಗಾಳದ ದಾರ ಎತ್ತಿ

ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ ಕಾವೇರಿ ದಡದಲ್ಲಿ ಹೊಳೆಮತ್ತಿ ಮರಗಳು ನೀರಿನ ಮೇಲೆ ಬಾಗಿ ನಿಂತಿವೆ. ಹೋದ ಬೇಸಿಗೆಯಲ್ಲಿ ಅಲ್ಲೊಂದು ಕೊಂಬೆಗೆ ನೀರುಕಾಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಜೀವ ಇತ್ತು. ಕಾಲಿಗೂ ರೆಕ್ಕೆಗೂ ಗಾಳದ ನೈಲಾನ್ ದಾರ ಸುತ್ತಿಕೊಂಡಿತ್ತು. ಹರಿಗೋಲಿನಲ್ಲಿ ಹೋಗಿ, ಟವಲ್ ಹೊದಿಸಿ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಆಯಿತು. ದಾರ ಚರ್ಮದೊಳಗೆ ಇಳಿದಿತ್ತು. ಬಿಟ್ಟ ಮೇಲೆ ಹಕ್ಕಿ ಹಾರಲಿಲ್ಲ. ಈಜಿಕೊಂಡು ಜೊಂಡಿನೊಳಗೆ ಹೋಯಿತು.

ಹೊಳೆ ದಡ ಸ್ವಚ್ಛ ಮಾಡೋಣ ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಬಾಟಲಿ ಮತ್ತು ಕವರ್. ಜನ ಮೀನು ಹಿಡಿಯುವ ಜಾಗದಲ್ಲಿ ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಈ ದಾರ. ನಾಲ್ಕೈದು ವರ್ಷದಿಂದ ನಾವು ಒಂದಷ್ಟು ಜನ ಈ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಚೀಲ ಎಲ್ಲಿಗೆ ಹೋಗುತ್ತೆ?

ಕಸ ಎತ್ತುವ ಮುಂಚೆ ಇದು ತೀರ್ಮಾನ ಆಗಬೇಕು. ಮೊದಲ ಸಲ ನಾವು ಹದಿನೇಳು ಗೋಣಿಚೀಲ ತುಂಬಿಸಿ ಆಲದ ಮರದ ಕೆಳಗೆ ಸಾಲಾಗಿ ಇಟ್ಟೆವು. ಟ್ರ್ಯಾಕ್ಟರ್ ಕಳಿಸುತ್ತೇವೆ ಅಂದಿದ್ದರು. ಬರಲಿಲ್ಲ. ನಾಯಿಗಳು ಚೀಲ ಹರಿದವು. ಮೂರನೇ ದಿನ ಜೋರು ಮಳೆ ಬಂತು. ಅರ್ಧ ಕಸ ವಾಪಸ್ ಹೊಳೆಗೇ ಹೋಯಿತು. ಬೆಳಗ್ಗೆಯಿಂದ ಬೆನ್ನು ಬಗ್ಗಿಸಿದ ಹುಡುಗರ ಮುಖ ನೋಡಲು ಆಗಲಿಲ್ಲ.

ಹಾಗಾಗಿ ಒಂದು ವಾರ ಮುಂಚೆಯೇ ಹೋಗಿ ಮಾತಾಡಿ. ಹಳ್ಳಿಯಾದರೆ ಪಂಚಾಯಿತಿಯ ಪಿಡಿಒ, ಪಟ್ಟಣವಾದರೆ ಪುರಸಭೆಯ ಆರೋಗ್ಯ ನಿರೀಕ್ಷಕರು. ಪಂಚಾಯಿತಿಯ ಕಸದ ಗಾಡಿ ಯಾವ ದಿನ ಆ ಕಡೆ ಬರುತ್ತದೆ ಎಂದು ಕೇಳಿ, ಅದೇ ದಿನ ಕೆಲಸ ಇಟ್ಟುಕೊಳ್ಳಿ. ಗಾಡಿ ಓಡಿಸುವವರ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಗುಜರಿ ಅಂಗಡಿಯವರಿಗೂ ಒಂದು ಮಾತು ಹೇಳಿ. ಗಾಜಿನ ಬಾಟಲಿ, ನೀರಿನ ಬಾಟಲಿ ಅವರು ತೆಗೆದುಕೊಳ್ಳುತ್ತಾರೆ.

ಜಾಗ ರಂಗನತಿಟ್ಟಿನಂಥ ಪಕ್ಷಿಧಾಮದ ಒಳಗೋ ಅಂಚಿನಲ್ಲೋ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಕ್ಕಿ ಗೂಡು ಕಟ್ಟಿರುವ ಸಮಯದಲ್ಲಿ ಆ ಕಡೆ ಹೋಗಲೇಬೇಡಿ.

ಯಾವಾಗ, ಯಾರ ಜೊತೆ

ನೀರು ಇಳಿದಿರುವ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂಬುದಕ್ಕೆ ಗಿಡಗಳಲ್ಲಿ ಸಿಕ್ಕಿಕೊಂಡ ಕವರ್‌ಗಳೇ ಗುರುತು. ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬಿ ನೀರು ಬಿಡುವ ದಿನಗಳಲ್ಲಿ ದಡಕ್ಕೆ ಇಳಿಯುವುದು ಬೇಡ. ಬೇರೆ ದಿನಗಳಲ್ಲೂ ನೀರು ಬಿಡುತ್ತಾರಾ ಎಂದು ವಿಚಾರಿಸಿಕೊಂಡೇ ಹೋಗಿ. ಈ ಭಾಗದಲ್ಲಿ ಮೊಸಳೆಗಳಿವೆ. ಮೊಣಕಾಲುದ್ದದ ನೀರಾದರೂ ಸರಿ, ಒಳಗೆ ಇಳಿಯಬೇಡಿ.

ಊರಿನ ಮೀನುಗಾರರೊಬ್ಬರು ಜೊತೆಗಿರಲೇಬೇಕು. ಯಾವ ಮಡುವಿನಲ್ಲಿ ಕಸ ಸುತ್ತಿ ನಿಲ್ಲುತ್ತದೆ, ಯಾವ ಬಂಡೆಗೆ ಗಾಳ ಸಿಕ್ಕಿಕೊಳ್ಳುತ್ತದೆ ಅಂತ ಅವರಿಗೆ ಗೊತ್ತು. ನಮ್ಮ ಜೊತೆ ಬರುವ ಹಿರಿಯರು ಮೊದಲ ದಿನವೇ ಕೇಳಿದ್ದು ಇಷ್ಟು: "ಬಲೆ ಕಂಡ ತಕ್ಷಣ ಕುಯ್ಯಬ್ಯಾಡಿ ಕನಣ್ಣ. ಯಾರ್ದಾರೂ ರಾತ್ರಿ ಬಿಟ್ಟಿರ್ತಾರೆ." ಅದು ನಿಜ. ಮೀನಿಗೆಂದು ಬಿಟ್ಟ ಬಲೆ ಯಾವುದು, ಹರಿದು ಅನಾಥವಾದ ಬಲೆ ಯಾವುದು ಅಂತ ಅವರೇ ಹೇಳಬೇಕು. ನೀರೊಳಗಿನ ಬಲೆಯನ್ನು ಹರಿಗೋಲಿನಿಂದ ಅವರೇ ಎಳೆಯಲಿ.

ಎತ್ತುವ ಕೆಲಸ

ದಪ್ಪ ಕೈಗವಸು, ಗಟ್ಟಿ ಶೂ, ಸಣ್ಣ ಕತ್ತರಿ, ಗೋಣಿಚೀಲ, ಮುಚ್ಚಳ ಇರುವ ಒಂದು ಡಬ್ಬಿ. ಇಷ್ಟು ಸಾಕು.

ಡಬ್ಬಿ ಗಾಳಕ್ಕೆ ಮತ್ತು ದಾರಕ್ಕೆ. ಮೊದಲ ಸುತ್ತಿನಲ್ಲಿ ಬೇರೆ ಏನನ್ನೂ ಮುಟ್ಟಬೇಡಿ, ಬರೀ ದಾರ ಹುಡುಕಿ. ಬೆಳಗಿನ ಓರೆ ಬಿಸಿಲಿನಲ್ಲಿ ಸೂರ್ಯನ ಕಡೆ ಮುಖ ಮಾಡಿ ನಡೆದರೆ ಜೇಡದ ಎಳೆಯ ಹಾಗೆ ಹೊಳೆಯುತ್ತದೆ. ಬಂಡೆ ಸಂದಿ, ಬೇರು, ತಗ್ಗು ಕೊಂಬೆ, ಈ ಮೂರು ಕಡೆ ಜಾಸ್ತಿ. ಎಳೆಯಬೇಡಿ. ಇನ್ನೊಂದು ತುದಿಯಲ್ಲಿ ಗಾಳ ಇದ್ದರೆ ಕೈಗೋ ಕಣ್ಣಿಗೋ ಚಿಮ್ಮುತ್ತದೆ. ಬೆರಳಿನಲ್ಲಿ ಹಿಡಿದು ಹಿಂಬಾಲಿಸಿ, ಗಾಳ ಕಂಡ ಮೇಲೆ ಕತ್ತರಿಸಿ. ಗಾಳಕ್ಕೆ ಮುಳ್ಳು ಇರುತ್ತದೆ, ಕೈಗೆ ಚುಚ್ಚಿಕೊಂಡರೆ ನೀವೇ ಕೀಳಬೇಡಿ. ಆಸ್ಪತ್ರೆಗೆ ಹೋಗಿ ತೆಗೆಸಿ, ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ.

ದಾರದ ಜೊತೆ ಸೀಸದ ಗುಂಡು ಸಿಗುತ್ತದೆ. ಅದನ್ನೂ ಡಬ್ಬಿಗೇ ಹಾಕಿ. ಸೀಸ ವಿಷ. ಬ್ರಿಟನ್‌ನಲ್ಲಿ ಹಂಸಗಳು ಇಂಥ ಗುಂಡು ನುಂಗಿ ಸಾಯುತ್ತಿದ್ದವು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1987ರಿಂದ ಗಾಳಕ್ಕೆ ಕಟ್ಟುವ ಸೀಸದ ಸಣ್ಣ ಗುಂಡುಗಳಿಗೆ ನಿಷೇಧ ಇದೆ.

ಎರಡನೇ ಸುತ್ತಿನಲ್ಲಿ ಉಳಿದ ಕಸ. ಬಾಟಲಿ ಎತ್ತಿದ ಕೂಡಲೇ ಚೀಲಕ್ಕೆ ಹಾಕಬೇಡಿ, ನೀರಿನ ಪಕ್ಕ ಬಗ್ಗಿಸಿ ಒಂದು ನಿಮಿಷ ಕಾಯಿರಿ. ಒಂದು ಸಲ ಹಳೇ ಬಿಯರ್ ಬಾಟಲಿಯಿಂದ ನಾಲ್ಕು ಸೀಗಡಿ ಮರಿ, ಒಂದು ಪುಟ್ಟ ಏಡಿ ಹೊರಗೆ ಬಂದವು. ಮರಳಲ್ಲಿ ಹೂತುಹೋದ ಸೀರೆ, ಪಂಚೆಗಳನ್ನು ಜೋರಾಗಿ ಎಳೆದರೆ ದಡವೇ ಕುಸಿಯುತ್ತದೆ. ಹೊರಗೆ ಕಾಣುವಷ್ಟನ್ನು ಕತ್ತರಿಸಿ ತೆಗೆಯಿರಿ. ಒದ್ದೆ ಬಟ್ಟೆ ವಿಪರೀತ ಭಾರ, ಬಂಡೆ ಮೇಲೆ ಒಣಗಿಸಿ ಆಮೇಲೆ ಚೀಲಕ್ಕೆ ಹಾಕಿ.

ನೀರಿಗೆ ಬಿದ್ದ ಮರದ ಕೊಂಬೆ, ಎಲೆ, ಬೇರು ಕಸ ಅಲ್ಲ. ಮೀನು ಮರಿಗಳು ಅಡಗುವುದು ಅಲ್ಲೇ. ಚೆಂದ ಕಾಣಲಿ ಅಂತ ಅದನ್ನೂ ಗುಡಿಸಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಗುಡ್ಡೆಗೆ ಬೆಂಕಿ ಕೊಡೋಣ ಅನ್ನುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಪ್ಲಾಸ್ಟಿಕ್ ಹೊಗೆ ವಿಷ, ಬೂದಿ ಮುಂದಿನ ಮಳೆಗೆ ನೀರಿಗೇ ಹೋಗುತ್ತದೆ. ಬಯಲಲ್ಲಿ ಕಸ ಸುಡುವುದಕ್ಕೆ 2016ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ಗೊತ್ತು ಮಾಡಿದೆ.

ದಾರಕ್ಕೊಂದು ಪೈಪು

ಇದು ಫ್ಲಾರಿಡಾದಲ್ಲಿ ಗಾಳ ಹಾಕುವವರಿಗಾಗಿ ಮಾಡಿರುವ ಉಪಾಯ. ನಾವು ಹಾಗೇ ಮಾಡಿಕೊಂಡೆವು. ನಾಲ್ಕಿಂಚಿನ ಪಿವಿಸಿ ಪೈಪ್ ಎರಡಡಿ ತೆಗೆದುಕೊಳ್ಳಿ. ಮೇಲೆ ಒಂದು ಎಲ್ಬೋ (ಬಾಗಿದ ಪೈಪ್ ತುಂಡು) ಹಾಕಿ, ಬಾಯಿ ಪಕ್ಕಕ್ಕೆ ತಿರುಗಿರಲಿ. ಆಗ ಮಳೆ ನೀರು ಒಳಗೆ ಬೀಳುವುದಿಲ್ಲ. ಕೆಳಗೆ ತಿರುಪಿನ ಮುಚ್ಚಳ. ಗಾಳ ಹಾಕುವವರು ಕೂರುವ ಕಡೆ ಒಂದು ಕಂಬಕ್ಕೆ ಬಿಗಿಯಾಗಿ ಕಟ್ಟಿ. ಪೈಪಿನ ಮೇಲೆ ದಪ್ಪಕ್ಷರದಲ್ಲಿ "ಹಳೇ ದಾರ ಇಲ್ಲಿ ಹಾಕಿ" ಅಂತ ಬರೆಯಿರಿ. ಬೈಯುವ ಬೋರ್ಡು ಬೇಡ, ಯಾರೂ ಓದುವುದಿಲ್ಲ.

ತಿಂಗಳಿಗೊಮ್ಮೆ ಬಿಚ್ಚಿ ಖಾಲಿ ಮಾಡಿ. ದಾರವನ್ನು ಒಂದು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿದ ಮೇಲೆಯೇ ಪಂಚಾಯಿತಿ ಗಾಡಿಗೆ ಕೊಡಿ. ಉದ್ದ ದಾರ ಕಸದ ರಾಶಿಯಲ್ಲೂ ಹದ್ದು, ಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ದಡದ ಪೆಟ್ಟಿಗೆ ಅಂಗಡಿಯವರ ಹತ್ತಿರ ಒಂದು ಖಾಲಿ ಚೀಲ ಕೊಟ್ಟಿಡಿ. ನಮ್ಮ ಕಡೆ ಅಂಗಡಿಯ ಅಮ್ಮ ಈಗ ನೀರಿನ ಬಾಟಲಿ ಕೊಡುವಾಗಲೇ "ಖಾಲಿದು ಇಲ್ಲಿಗೇ ತಂದ್ಬಿಡಿ" ಅನ್ನುತ್ತಾರೆ. ಸುಮಾರು ಜನ ತರುತ್ತಾರೆ.

ಮುಂದಿನ ಸರದಿಗೆ ಮಹಾಲಯ ಅಮಾವಾಸ್ಯೆಯ ಮಾರನೇ ದಿನ ಗುರುತು ಹಾಕಿಕೊಳ್ಳಿ. ಸಂಗಮದಲ್ಲಿ ತರ್ಪಣ ಮುಗಿಸಿದವರ ಬಟ್ಟೆ, ಎಲೆ, ಕವರ್ ಇನ್ನೂ ದಡದಲ್ಲೇ ಇರುತ್ತವೆ. ನೀರು ಏರುವ ಮುಂಚೆ ಎತ್ತಲು ಒಂದೆರಡು ದಿನ ಸಿಗುತ್ತದೆ.