ಹಳೆಯ ಸ್ಲಾವ್ ಪದಗಳ ಬೇರು: ನಾನು ಹುಡುಕುವ ಬಗೆ

ರಷ್ಯನ್, ಪೋಲಿಷ್, ಚೆಕ್ ಇವೆಲ್ಲ ಸ್ಲಾವ್ ಭಾಷೆಗಳು. ರಷ್ಯನ್‌ನಲ್ಲಿ ಆಕಾಶಕ್ಕೆ ‘ನೆಬೊ’ ಅನ್ನುತ್ತಾರೆ. ಕೇಳಿದ ಕೂಡಲೇ ನಮಗೆ ‘ನಭ’ ನೆನಪಾಗುತ್ತದೆ, ಅಲ್ವಾ? ಆದರೆ ಸುಮ್ನೆ ಕಿವಿಗೆ ಒಂದೇ ಥರ ಕೇಳಿಸಿತು ಅಂತ ನಾನು ನಂಬುವುದಿಲ್ಲ. ಮೊದಲು ವಿಭಕ್ತಿ ಹಚ್ಚಿ ನೋಡುತ್ತೇನೆ. ಸಿರಿಲ್ ಮತ್ತು ಮೆಥೋಡಿಯಸ್ ಸೋದರರು 9ನೇ ಶತಮಾನದಲ್ಲಿ ಧರ್ಮಗ್ರಂಥಗಳ ಅನುವಾದಕ್ಕೆ ಬಳಸಿದ ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ‘ಆಕಾಶದ’ ಅನ್ನಲು ‘ನೆಬೆಸೆ’. ಸಂಸ್ಕೃತದಲ್ಲಿ ‘ನಭಸಃ’. ಅಡಗಿದ್ದ ಸಕಾರ ಎರಡೂ ಕಡೆ ಒಂದೇ ಜಾಗದಲ್ಲಿ ಹೊರಬರುತ್ತದೆ. ಇಂಥದ್ದು ಆಕಸ್ಮಿಕವಾಗಿ ಆಗುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಕರಡಿಯ ಹೆಸರು. ರಷ್ಯನ್‌ನಲ್ಲಿ ‘ಮೆದ್ವೆದ್’. ಜೇನಿಗೆ ಮೂಲ ಸ್ಲಾವ್ ಭಾಷೆಯಲ್ಲಿ, ಅಂದರೆ ಈ ಭಾಷೆಗಳೆಲ್ಲ ಹುಟ್ಟಿಬಂದ ತಾಯಿಭಾಷೆಯಲ್ಲಿ, ಇದ್ದ ಪದದ ಕೊನೆಗೆ ಹಿಂದೆ ಉಕಾರವಿತ್ತು: ‘ಮೆದು’, ನಮ್ಮ ‘ಮಧು’ ಇದ್ದ ಹಾಗೆ. ತಿನ್ನು ಅನ್ನುವ ಧಾತು ‘ಎದ್’, ಸಂಸ್ಕೃತದ ‘ಅದ್’. ಎರಡನ್ನೂ ಕೂಡಿಸಿ. ಸ್ವರದ ಮುಂದೆ ಉಕಾರ ವಕಾರವಾಯಿತು. ಶಾಲೆಯಲ್ಲಿ ಕಲಿತ ಯಣ್ ಸಂಧಿಯೇ! ಋಗ್ವೇದದಲ್ಲಿ ಹಕ್ಕಿಗಳಿಗೆ ‘ಮಧ್ವದ’ ಅಂದಿರುವುದೂ ಇದೇ ಕಟ್ಟಿನ ಪದ. ಹಾಗಾದರೆ ‘ಋಕ್ಷ’, ಗ್ರೀಕಿನ ‘ಆರ್ಕ್ಟೋಸ್’ ಜೊತೆ ಸೇರುವ ಕರಡಿಯ ಹಳೆಯ ಹೆಸರು ಸ್ಲಾವರಲ್ಲಿ ಏನಾಯಿತು? ಹೆಸರೆತ್ತಿದರೆ ಪ್ರಾಣಿ ಬಂದೀತೆಂಬ ಭಯದಿಂದ ಬಿಟ್ಟರು ಎಂಬುದು ಹೆಚ್ಚಿನ ವಿದ್ವಾಂಸರ ವಿವರಣೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಧ್ವನಿ. ಪದವನ್ನು ಒಂಟಿಯಾಗಿ ನೋಡದೆ ಸೋದರ ಭಾಷೆಗಳ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಕೋಟೆ ಕಟ್ಟಿದ ಊರಿಗೆ ಮೂಲದಲ್ಲಿ ‘ಗೊರ್ದ್’. ರಷ್ಯನ್ ಬರಹದಲ್ಲಿ ಅದು ‘ಗೊರೊದ್’, ಪೋಲಿಷ್‌ನಲ್ಲಿ ‘ಗ್ರುದ್’, ಚೆಕ್‌ನಲ್ಲಿ ‘ಹ್ರದ್’. ರಾಜನಿಗೂ ಅದೇ ಸಾಲು: ‘ಕೊರೊಲ್’, ‘ಕ್ರುಲ್’, ‘ಕ್ರಾಲ್’. ಈ ಪದ ಫ್ರಾಂಕರ ಚಕ್ರವರ್ತಿ ಕಾರ್ಲ್‌ನ ಹೆಸರಿನಿಂದ ಬಂದದ್ದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಅವನು ತೀರಿಕೊಂಡದ್ದು 814ರಲ್ಲಿ. ಅವನ ಹೆಸರಿನ ‘ಅರ್’ ಕೂಡ ‘ಗೊರ್ದ್’ನ ‘ಒರ್’ನಂತೆಯೇ ಒಂದೊಂದು ಭಾಷೆಯಲ್ಲಿ ಒಂದೊಂದು ರೀತಿ ಬದಲಾಗಿದೆ, ಅಂದರೆ ಸುಮಾರು 800ರ ಹೊತ್ತಿಗೂ ಈ ಧ್ವನಿ ಬದಲಾವಣೆ ಮುಗಿದಿರಲಿಲ್ಲ. ಒಂದು ಪದದಿಂದ ಒಂದು ಕಾಲವೇ ಸಿಕ್ಕಿತಲ್ಲ, ನನಗೆ ಇದಕ್ಕಿಂತ ಜಾಸ್ತಿ ಸಂತೋಷ ಬೇರೆ ಇಲ್ಲ. ಪದಗಳ ಮೂಲ ಹೇಳುವ ನಿಷ್ಪತ್ತಿ ಕೋಶ ತೆಗೆಯುವುದು ಇಷ್ಟೆಲ್ಲ ಆದಮೇಲೇ.

ಎಲ್ಲವೂ ಹೀಗೆ ಬಗೆಹರಿಯುವುದಿಲ್ಲ. ದೇವರಿಗೆ ‘ಬೊಗ್’, ಸಂಸ್ಕೃತದಲ್ಲಿ ‘ಭಗ’, ಹಳೆಯ ಪರ್ಷಿಯನ್‌ನಲ್ಲಿ ‘ಬಗ’. ಇದು ಸ್ಲಾವರ ಸ್ವಂತ ಆಸ್ತಿಯೋ, ಇರಾನಿ ಭಾಷೆಗಳಿಂದ ತಂದ ಸಾಲವೋ ಎಂಬ ಚರ್ಚೆ ಇನ್ನೂ ನಡೆದಿದೆ. ಎರಡು ದಾರಿಯಲ್ಲಿ ಬಂದರೂ ರೂಪ ಇದೇ ಆಗಬಹುದಿತ್ತು, ಹಾಗಾಗಿ ಧ್ವನಿನಿಯಮ ಇಲ್ಲಿ ತೀರ್ಪು ಕೊಡುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಪದದ ಎದುರಿಗೆ ಎರಡೂ ಸಾಧ್ಯತೆ ಬರೆದಿಟ್ಟಿದ್ದೇನೆ.