ಬ್ಲಾಗ್ ತೆರೆಯುವುದು ಸುಲಭ, ಸಾಕುವುದು ಹೇಗೆ?

2024ರ ನವೆಂಬರ್ 9, ಶನಿವಾರ. ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ದಾವಣಗೆರೆ ಕಡೆಯ ಮಾತು. ‘ಸಾರ್, ನಿಮ್ಮ ಬ್ಲಾಗ್ ನೋಡ್ಕೊಂಡು ಹಾಸನಾಂಬೆ ದರ್ಶನಕ್ಕೆ ಬಂದೀವಿ. ಗುಡಿ ಬಾಗ್ಲು ಹಾಕೇತಲ್ಲ ಸಾರ್?’

ವಯಸ್ಸಾದ ತಾಯಿಯನ್ನೂ ಕರೆದುಕೊಂಡು ರಾತ್ರಿ ಬಸ್ಸಿಗೆ ಬಂದಿದ್ದರು. ನನ್ನ ಬರಹ 2023ರದ್ದು. ‘ನವೆಂಬರ್ 2ಕ್ಕೆ ಬಾಗಿಲು ತೆರೆಯುತ್ತದೆ, ಸುಮಾರು ಎರಡು ವಾರ ದರ್ಶನ’ ಎಂದು ಬರೆದಿದ್ದೆ. 2024ರಲ್ಲಿ ಬಾಗಿಲು ತೆರೆದದ್ದು ಅಕ್ಟೋಬರ್ 24ಕ್ಕೆ, ಮುಚ್ಚಿದ್ದು ನವೆಂಬರ್ 3ಕ್ಕೆ. ನನ್ನ ಬರಹದಲ್ಲಿ ಇಸವಿಯನ್ನೇ ಹಾಕಿರಲಿಲ್ಲ. ಬೇಲೂರಿಗಾದರೂ ಹೋಗಿ ಬನ್ನಿ ಎಂದು ಹೇಳಿ ಫೋನ್ ಇಟ್ಟೆ. ಇಡೀ ದಿನ ಮನಸ್ಸಿಗೆ ಕಸಿವಿಸಿ.

ಸಕಲೇಶಪುರದಲ್ಲಿ ಕೂತು ಹದಿನೈದು ವರ್ಷದಿಂದ ಬ್ಲಾಗ್ ನಡೆಸುತ್ತಿದ್ದೇನೆ. ಬ್ಲಾಗ್ ತೆರೆಯುವುದು ಹೇಗೆ ಎಂದು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ತೆರೆದ ಮೇಲೆ ಏನು ಎಂದು ಹೇಳುವವರು ಕಡಿಮೆ. ಕಾಫಿ ಗಿಡ ನೆಡುವುದು ಒಂದು ಮಳೆಗಾಲದ ಕೆಲಸ. ಕಸಿ (ನಮ್ಮ ಕಡೆ ಹಾಗೆಂದರೆ ರೆಂಬೆ ಸವರುವುದು), ಗೊಬ್ಬರ, ಕಳೆ ಮಾತ್ರ ವರ್ಷಾ ವರ್ಷ ಇದ್ದದ್ದೇ. ಬ್ಲಾಗೂ ಹಾಗೇ. ಹಾಗಾಗಿ ತೆರೆಯುವ ವಿಷಯ ಬೇಗ ಮುಗಿಸಿ, ಸಾಕುವ ವಿಷಯವನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ.

1. ಮೊದಲು ಐದು ಬರಹ, ಆಮೇಲೆ ಬ್ಲಾಗ್

ಹೆಸರು, ಬಣ್ಣ, ವಿನ್ಯಾಸ ಯಾವುದೂ ಈಗ ಬೇಡ. ಒಂದು ನೋಟ್‌ಬುಕ್ ತೆಗೆದುಕೊಂಡು ಐದು ಬರಹ ಬರೆಯಿರಿ. ಮೂರನೆಯದಕ್ಕೇ ಪೆನ್ನು ನಿಂತರೆ ವಿಷಯ ನಿಮ್ಮದಲ್ಲ. ‘ಹಾಸನ ಜಿಲ್ಲೆಯ ಪ್ರವಾಸಿ ತಾಣಗಳು’ ಎಂಬ ವಿಷಯ ಯಾರದ್ದೂ ಅಲ್ಲ, ಅದನ್ನು ನೂರು ಜನ ಆಗಲೇ ಬರೆದಿದ್ದಾರೆ. ‘ನಮ್ಮ ಹೋಬಳಿಯ ಕೆರೆಗಳು’ ನಿಮ್ಮದಾಗಬಹುದು. ‘ಅಜ್ಜಿ ಮಳೆಗಾಲದಲ್ಲಿ ಮಾಡುತ್ತಿದ್ದ ಕಳಲೆ, ಕೆಸು, ಅಣಬೆ ಅಡುಗೆ’ ಖಂಡಿತ ನಿಮ್ಮದು.

ಇನ್ನೊಂದು ಮಾತು. ದಿನಕ್ಕೊಂದು ರೀತಿ ಬದಲಾಗುವ ವಿಷಯಕ್ಕೆ ಕೈ ಹಾಕಬೇಡಿ. ಶಿರಾಡಿ ಘಾಟಿಯಲ್ಲಿ ಇವತ್ತು ಗುಡ್ಡ ಕುಸಿದಿದೆಯೋ, ವಾಹನ ಬಿಡುತ್ತಿದ್ದಾರೋ ಎಂಬುದು ಟಿವಿಯವರ ಕೆಲಸ. ಬ್ಲಾಗಿನಲ್ಲಿ ಬರೆದರೆ ಸಂಜೆಗೇ ಹಳಸುತ್ತದೆ.

2. ಜಾಗ ಯಾರದ್ದೇ ಇರಲಿ, ಹೆಸರು ನಿಮ್ಮದಿರಲಿ

ಹೊಸಬರಿಗೆ ಬ್ಲಾಗರ್ ಎಂಬ ತಾಣ ಸಾಕು. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದದ್ದು, ಈಗಲೂ ಪುಕ್ಕಟೆ. ಅದೇ 2003ರಲ್ಲಿ ಬಂದ ವರ್ಡ್‌ಪ್ರೆಸ್‌ನಲ್ಲಿ ಅನುಕೂಲ ಜಾಸ್ತಿ. ಆದರೆ ನೀವೇ ಹೋಸ್ಟಿಂಗ್ (ಬ್ಲಾಗ್ ಇಡುವ ಬಾಡಿಗೆ ಜಾಗ) ಕೊಂಡು ನಡೆಸಿದರೆ ಅಪ್‌ಡೇಟ್ ಮಾಡುತ್ತಲೇ ಇರಬೇಕು, ಬಿಟ್ಟರೆ ಯಾರೋ ನುಗ್ಗಿ ಔಷಧಿ ಜಾಹೀರಾತು ತುಂಬಿಸಿ ಹೋಗುತ್ತಾರೆ. ತಿಂಗಳಿಗೊಮ್ಮೆ ಕೂರುವ ತಾಳ್ಮೆ ಇಲ್ಲದವರು ಆ ಕಡೆ ಹೋಗದಿರುವುದೇ ಒಳ್ಳೆಯದು.

ಎಲ್ಲಿ ಬರೆದರೂ ಸರಿ, ಸ್ವಂತ ಡೊಮೈನ್ ಹೆಸರು, ಅಂದರೆ ನಿಮ್ಮದೇ ವೆಬ್ ವಿಳಾಸ, ಕೊಳ್ಳಿ. .ಇನ್ ಆಗಲಿ .ಕಾಂ ಆಗಲಿ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ನಾಳೆ ಬ್ಲಾಗರ್ ಬಿಟ್ಟು ಬೇರೆ ಕಡೆ ಹೋದರೂ ಓದುಗರು ಅದೇ ವಿಳಾಸಕ್ಕೆ ಬರುತ್ತಾರೆ. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಿ ಖುಷಿಪಡಬೇಡಿ, ರಿನ್ಯೂವಲ್ ಬೆಲೆ ಎಷ್ಟು ಎಂದು ನೋಡಿ. 99 ರೂಪಾಯಿಗೆ ಸಿಕ್ಕಿದ್ದು ಎರಡನೇ ವರ್ಷ ಹತ್ತು ಪಟ್ಟು ಆಗಿರುತ್ತದೆ.

ರಿನ್ಯೂವಲ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ನೆನಪಿಸುವ ಮೇಲ್ ನಾನು ಬಳಸುವುದನ್ನೇ ಬಿಟ್ಟಿದ್ದ ಹಳೇ ಐಡಿಗೆ ಹೋಗುತ್ತಿತ್ತು. ಒಂದು ದಿನ ನೋಡಿದರೆ ಬ್ಲಾಗ್ ಇಲ್ಲ. .ಕಾಂ ಹೆಸರಿನ ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ದರಕ್ಕೆ ವಾಪಸ್ ಪಡೆಯಬಹುದು. ಅದೂ ದಾಟಿದರೆ 30 ದಿನ ದಂಡದ ಅವಧಿ, ಆಗ ಕೇಳಿದಷ್ಟು ಕೊಡಬೇಕು. ಆಮೇಲೆ ಐದು ದಿನ ಬಿಟ್ಟು ಹೆಸರು ಸಂತೆಗೆ ಬೀಳುತ್ತದೆ. ನಾನು ದಂಡ ಕಟ್ಟಿ ಬಿಡಿಸಿಕೊಂಡೆ. ಈಗ ಆ ತಾರೀಕು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕದಲ್ಲೇ ಇದೆ.

3. ಕನ್ನಡ ಕನ್ನಡವಾಗಿಯೇ ಕಾಣಲಿ

ಡಿಟಿಪಿ ಅಂಗಡಿಯಲ್ಲಿ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿಸಿದ ಹಳೇ ಫೈಲುಗಳು ಮನೆಯಲ್ಲಿ ಇದ್ದೇ ಇರುತ್ತವೆ. ಅವನ್ನು ಹಾಗೇ ತಂದು ಬ್ಲಾಗಿಗೆ ಅಂಟಿಸಿದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡಿನ ಗುರುತು ಕಾಣಿಸುತ್ತದೆ. ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿದ್ದವು, ಅಷ್ಟೆ. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಕೂತು ಓದಿ, ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ಉಳಿದಿರುತ್ತದೆ.

ಫೋನಿಗೆ ಮಾತಾಡಿ ಟೈಪ್ ಮಾಡಿಸುವುದು ಈಗ ಸಲೀಸು. ನಾನು ತೋಟದಲ್ಲಿ ಓಡಾಡುತ್ತಲೇ ಅರ್ಧ ಬರಹ ಮುಗಿಸುತ್ತೇನೆ. ಆದರೆ ಅದು ನಾನು ಹೇಳಿದ ‘ಕಣ’ವನ್ನು ‘ಹಣ’ ಮಾಡುತ್ತದೆ. ಕಣದಲ್ಲಿ ಕಾಫಿ ಹರವುವ ಬದಲು ಹಣ ಹರವಿದಂತೆ ಒಂದು ವಾರ ಬ್ಲಾಗಿನಲ್ಲಿತ್ತು. ಯಾರೂ ಹೇಳಲಿಲ್ಲ. ಬಹುಶಃ ನಿಜ ಅಂದುಕೊಂಡರು!

ಬ್ಲಾಗಿನ ಸೆಟ್ಟಿಂಗ್‌ನಲ್ಲಿ ಸಾಲುಗಳ ನಡುವಿನ ಅಂತರವನ್ನು 1.7ರ ಹತ್ತಿರ ಇಡಿ. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

4. ಲಿಂಕಿನ ಬಾಲ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೂ ಗೊತ್ತಾದದ್ದು ಇನ್ನೂರು ಬರಹ ಆದ ಮೇಲೆ. ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟು ಪ್ರಕಟಿಸಿದರೆ ಲಿಂಕಿನ ಕೊನೆಯಲ್ಲಿ ಬರುವುದು ‘ಬ್ಲಾಗ್-ಪೋಸ್ಟ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಅಂಕಿ, ಅಷ್ಟೇ. ಎಲ್ಲ ಬರಹಕ್ಕೂ ಅದೇ ಹೆಸರು. ಮನೆ ತುಂಬ ಡಬ್ಬಿ ಇದ್ದು ಒಂದರ ಮೇಲೂ ಚೀಟಿ ಇಲ್ಲದ ಹಾಗೆ.

ವರ್ಡ್‌ಪ್ರೆಸ್‌ನದ್ದು ಉಲ್ಟಾ ಕಥೆ. ತಲೆಬರಹದ ಕನ್ನಡವನ್ನೇ ಲಿಂಕಿಗೆ ಹಾಕುತ್ತದೆ. ನೋಡಲು ಚೆಂದ. ಆದರೆ ಅದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಪ್ರತಿಯೊಂದು ಕನ್ನಡ ಗುರುತೂ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಒಂಬತ್ತು ಗುರುತಾಗಿ ಬಿಚ್ಚಿಕೊಳ್ಳುತ್ತದೆ. ‘ಕಾಫಿ’ಯಲ್ಲಿ ಎರಡು ಅಕ್ಷರ, ಎರಡು ಸ್ವರಚಿಹ್ನೆ, ಒಟ್ಟು 36. ‘ಸಕಲೇಶಪುರ’ ಎಂದರೆ 72. ಇಷ್ಟುದ್ದದ ಹಾವನ್ನು ನೋಡಿ ಜನ ವೈರಸ್ ಇರಬೇಕು ಅಂದುಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ಹಾಗೇ ಅಂದುಕೊಂಡು ಮನೆಯವರಿಗೆಲ್ಲ ‘ಮುಟ್ಟಬೇಡಿ’ ಎಂದು ಮೆಸೇಜ್ ಹಾಕಿದ್ದರು.

ದಾರಿ ಸುಲಭ. ಪ್ರಕಟಿಸುವ ಮೊದಲು ಪರ್ಮಾಲಿಂಕ್ ಎಂಬ ಜಾಗಕ್ಕೆ ಹೋಗಿ. ಇಂಗ್ಲಿಷ್ ಅಕ್ಷರದಲ್ಲಿ ನೀವೇ ಎರಡು ಮೂರು ಪದ ಕೊಡಿ: ಕಳಲೆ-ಪಲ್ಯ, ಕಾಫಿ-ಕಸಿ. ಇಸವಿ ಸೇರಿಸಬೇಡಿ, ಆ ಬರಹವನ್ನು ಮುಂದೆ ತಿದ್ದಲಿಕ್ಕಿದೆ. ಒಮ್ಮೆ ಪ್ರಕಟಿಸಿದ ಮೇಲೆ ಲಿಂಕ್ ಬದಲಿಸಲು ಹೋಗಬೇಡಿ. ಹಳೇ ಲಿಂಕ್ ಉಳಿಸಿಕೊಂಡವರೆಲ್ಲ ಗೋಡೆಗೆ ಹಾಯುತ್ತಾರೆ.

5. ಫೋಟೋ ಹಾಕುವ ಮುಂಚೆ

ಫೋನಿನ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಹತ್ತು ಹಾಕಿದರೆ ಐವತ್ತು. ನೆಟ್‌ವರ್ಕ್ ಎರಡು ಕಡ್ಡಿ ಬರುವ ಊರಿನಲ್ಲಿ ಅದು ತೆರೆಯುವಷ್ಟರಲ್ಲಿ ಓದುಗರು ಎದ್ದು ಹೋಗಿರುತ್ತಾರೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಇನ್ನೂರು ಕೆಬಿ ಆಸುಪಾಸಿಗೆ ತನ್ನಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಫೋಟೋದ ಒಳಗೇ ಕೂತಿರುತ್ತದೆ. ಒಂದು ಮಳೆಗಾಲ ನಮ್ಮ ತೋಟದ ಅಂಚಿನ ಮರದಲ್ಲಿ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು) ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಮೂಲ ಫೋಟೋವನ್ನೇ ಹಾಕಿ, ಬೇಕಾದವರು ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಉದಾರವಾಗಿ ಬರೆದೆ. ಮರು ವರ್ಷ ಆ ಕೊಂಬೆಯಲ್ಲಿ ಗಿಡ ಇರಲಿಲ್ಲ. ಸಿಪ್ಪೆ ಎದ್ದ ಗುರುತು ಮಾತ್ರ ಇತ್ತು. ಫೋಟೋದಿಂದಲೇ ಜಾಗ ಪತ್ತೆಯಾಯಿತು ಎಂದು ಸಾಬೀತು ಮಾಡಲು ನನ್ನಿಂದ ಆಗದು. ಆದರೆ ಆಮೇಲೆ ಕ್ಯಾಮೆರಾದ ಲೊಕೇಶನ್ ಆನ್ ಮಾಡಿಲ್ಲ. ಹಳೇ ಫೋಟೋ ಹಾಕುವಾಗ ಗ್ಯಾಲರಿಯ ‘ವಿವರ’ದಲ್ಲಿ ಜಾಗದ ಮಾಹಿತಿ ಅಳಿಸುತ್ತೇನೆ.

ಬೇರೆಯವರ ಫೋಟೋ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಕ್ಕೂ ಮಾಲೀಕರು ಇರುತ್ತಾರೆ.

6. ಹಳೇ ಬರಹದ ಕಳೆ ಕೀಳುವುದು

ನನ್ನ ಬ್ಲಾಗಿಗೆ ಬರುವವರಲ್ಲಿ ಹೆಚ್ಚಿನವರು ಹೊಸ ಬರಹಕ್ಕೆ ಬರುವುದಿಲ್ಲ. ಗೂಗಲ್‌ನಲ್ಲಿ ಏನೋ ಹುಡುಕಿ ಐದು, ಎಂಟು ವರ್ಷದ ಹಿಂದಿನ ಬರಹಕ್ಕೆ ಬಂದು ಬೀಳುತ್ತಾರೆ. ಅವರಿಗೆ ಅದು ಇವತ್ತಿನ ಮಾತು. ಹಾಗಾಗಿ ತಿಂಗಳ ಮೊದಲ ಭಾನುವಾರ ನಾನು ಹೊಸದು ಬರೆಯುವುದಿಲ್ಲ. ಅಂಕಿಅಂಶ ತೆರೆದು, ಹೆಚ್ಚು ಜನ ಬಂದ ಹತ್ತು ಹಳೇ ಬರಹ ಓದುತ್ತೇನೆ. ಫೋನ್ ನಂಬರ್, ದರ, ಬಸ್ ಸಮಯ ಬದಲಾಗಿದೆಯೇ? ಕೊಟ್ಟ ಲಿಂಕ್ ತೆರೆಯುತ್ತದೆಯೇ? ಒಂದು ಗಂಟೆಯ ಕೆಲಸ.

ಹಾಸನಾಂಬೆ ಬರಹವನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಇದು ಬದಲಾಗದ ಲೆಕ್ಕ. ಇಂಗ್ಲಿಷ್ ತಾರೀಕು ಮಾತ್ರ ಕುಣಿಯುತ್ತದೆ: 2023ರಲ್ಲಿ ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ನಾನು ಬರಹದ ಮೈಗೆ ಹಾಕಬೇಕಿದ್ದದ್ದು ಲೆಕ್ಕವನ್ನು. ಹಾಕಿದ್ದು ತಾರೀಕನ್ನು. ಈಗ ಲೆಕ್ಕ ಒಳಗಿದೆ, ತಾರೀಕು ಮತ್ತು ಇಸವಿ ಮೇಲಿನ ಒಂದೇ ಸಾಲಿನಲ್ಲಿದೆ. ವರ್ಷಕ್ಕೊಮ್ಮೆ ಆ ಸಾಲು ತಿದ್ದಿದರೆ ಮುಗಿಯಿತು. ‘ಈ ವರ್ಷ’, ‘ಮುಂದಿನ ತಿಂಗಳು’, ‘ಇತ್ತೀಚೆಗೆ’ ಎಂಬ ಪದಗಳನ್ನು ಹುಡುಕಿ ತೆಗೆದಿದ್ದೇನೆ. ಜನ ‘ಹಾಸನಾಂಬ’ ಎಂದೂ ಹುಡುಕುತ್ತಾರೆ, ‘ಹಾಸನಾಂಬೆ’ ಎಂದೂ ಹುಡುಕುತ್ತಾರೆ. ಎರಡೂ ರೂಪ ಬರಹದಲ್ಲಿರಲಿ.

ಕೆಲವು ಹಳೇ ಬರಹ ಅಪಾಯವನ್ನೇ ತರುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿ ಮೇಲೆ ನಡೆದು ಹೋಗುವ ‘ಗ್ರೀನ್ ರೂಟ್’ ಚಾರಣದ ಬಗ್ಗೆ ಶುರುವಿನಲ್ಲೇ ಬಹಳ ಹುಮ್ಮಸ್ಸಿನಿಂದ ಬರೆದಿದ್ದೆ. ಅಲ್ಲಿ ನಡೆಯುವಂತಿಲ್ಲ, ಹಳಿ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆದರೂ ಆ ಬರಹ ಓದಿ ಹುಡುಗರು ಬ್ಯಾಗ್ ಹಾಕಿಕೊಂಡು ದೋಣಿಗಲ್‌ಗೆ ಬಂದಿಳಿಯುತ್ತಿದ್ದರು. ಅಳಿಸೋಣ ಅಂದುಕೊಂಡೆ. ಅಳಿಸಿದರೆ ಅವರು ಇನ್ಯಾರದ್ದೋ ಹಳೇ ಬರಹ ಓದಿ ಬರುತ್ತಾರೆ, ಅಲ್ವಾ? ಅದಕ್ಕೆ ತಲೆಬರಹದ ಕೆಳಗೇ ದಪ್ಪ ಅಕ್ಷರದಲ್ಲಿ ‘ಈಗ ಹೋಗುವಂತಿಲ್ಲ’ ಎಂದು ಹಾಕಿ, ದಾರಿಯ ವಿವರ ತೆಗೆದು, ನೆನಪಿನ ಭಾಗ ಮಾತ್ರ ಉಳಿಸಿದೆ.

7. ಬ್ಯಾಕಪ್

ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಹಾಗಾಗಿ ನೇರವಾಗಿ ಬ್ಲಾಗಿನಲ್ಲಿ ಟೈಪ್ ಮಾಡಬೇಡಿ. ಮೊದಲು ಫೋನಿನ ನೋಟ್ಸ್‌ನಲ್ಲೋ ಕಂಪ್ಯೂಟರಿನಲ್ಲೋ ಬರೆದಿಟ್ಟು, ಆಮೇಲೆ ಅಂಟಿಸಿ.

ಬ್ಲಾಗರ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಗುಂಡಿ ಇದೆ, ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್. ನಾನು ಒತ್ತಿದಾಗ ಒಂದು ಫೈಲ್ ಬರುತ್ತಿತ್ತು. ಬರಹ ಎಲ್ಲ ಅದರಲ್ಲಿತ್ತು. ಫೋಟೋ ಇರಲಿಲ್ಲ, ಫೋಟೋ ಎಲ್ಲಿದೆ ಎಂಬ ವಿಳಾಸ ಮಾತ್ರ ಇತ್ತು. ಇದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ನಿಶ್ಚಿಂತೆಯಿಂದಿದ್ದೆ. ಮೊದಮೊದಲು ಫೋಟೋಗಳನ್ನು ಬೇರೊಂದು ಸೈಟಿನಲ್ಲಿಟ್ಟು ಇಲ್ಲಿ ತೋರಿಸುತ್ತಿದ್ದೆ. ಆ ಸೈಟ್ ಬಾಗಿಲು ಹಾಕಿತು. ಅರವತ್ತು ಬರಹಗಳಲ್ಲಿ ಫೋಟೋ ಇದ್ದ ಕಡೆ ಖಾಲಿ ಚೌಕ. ಕೆಲವನ್ನು ಹಳೇ ವೆಬ್ ಪುಟಗಳ ಪ್ರತಿ ಉಳಿಸಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ ತಂದೆ. ಉಳಿದವು ಹೋದವು, ಅದರಲ್ಲಿ ಅಜ್ಜಿ ಒಲೆ ಮುಂದೆ ಕೂತ ಫೋಟೋ ಒಂದು. ಈಗ ಪ್ರತಿ ಬರಹಕ್ಕೂ ಒಂದು ಫೋಲ್ಡರ್. ಅದರಲ್ಲಿ ಬರಹ, ಫೋಟೋ ಎರಡೂ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಇನ್ನೊಂದು ಬೆಂಗಳೂರಿನ ತಂಗಿ ಮನೆಯಲ್ಲಿ, ಹಬ್ಬಕ್ಕೆ ಹೋದಾಗ ಬದಲಿಸುತ್ತೇನೆ.

ಸುಮ್ನೆ ಒಂದು ಮಾತು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಪಕ್ಕದ ಬೇಲೂರು ತಾಲ್ಲೂಕಿನಲ್ಲೇ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿರುವುದು ಅದರ ಪ್ರತಿ. ಕಲ್ಲಿಗೇ ಒಂದು ಪ್ರತಿ ಮಾಡಿಟ್ಟಿದ್ದಾರೆ.

8. ಉಳಿದದ್ದು

ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಕಾಮೆಂಟ್‌ಗಳನ್ನು ನೋಡಿದ ಮೇಲೆಯೇ ಪ್ರಕಟವಾಗುವಂತೆ ಇಡಿ, ಇಲ್ಲದಿದ್ದರೆ ಲಂಟಾನದ ಹಾಗೆ ಸ್ಪ್ಯಾಮ್ ಹಬ್ಬುತ್ತದೆ.

ದುಡ್ಡು ಬರುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಜಾಹೀರಾತಿನಿಂದ ಬರುವುದು ಡೊಮೈನ್ ರಿನ್ಯೂವಲ್‌ಗೆ ಸರಿಹೋಗುತ್ತದೆ. ಕೆಲವು ವರ್ಷ ಅದೂ ಇಲ್ಲ.

‘ನನ್ನ ಬಗ್ಗೆ’ ಪುಟದಲ್ಲಿ ಫೋನ್ ನಂಬರ್ ಬದಲು ಬ್ಲಾಗಿಗೇ ಬೇರೆ ಮಾಡಿಸಿದ ಮೇಲ್ ಐಡಿ ಕೊಡಿ. ನಾನು ನಂಬರ್ ತೆಗೆದದ್ದು ಮಾತ್ರ ಆ ದಾವಣಗೆರೆಯವರ ಫೋನಿನಿಂದ ಅಲ್ಲ. ಹಲಸಿನ ಹಪ್ಪಳದ ಬರಹ ಓದಿದವರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ನೂರು ಹಪ್ಪಳ ಕೊರಿಯರ್ ಮಾಡ್ತೀರಾ ಎಂದು ಕೇಳಿದ್ದರು.