ಅಂಬಾಸಿಡರ್ ಸ್ಟಾರ್ಟ್ ಆಗದಿದ್ದರೆ ನಾನು ಹುಡುಕುವ ಕ್ರಮ

ಪೆಟ್ರೋಲ್ ಅಂಬಾಸಿಡರ್ ಸ್ಟಾರ್ಟ್ ಆಗದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್‌ಗೆ. ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. 1489 ಸಿಸಿಯ ಈ ಹಳೇ ಎಂಜಿನ್‌ನಲ್ಲಿ ನನಗೆ ತೊಂದರೆ ಹೆಚ್ಚಾಗಿ ಸಿಕ್ಕಿರುವುದು ಎಂಜಿನ್ನನ್ನು ಬಾಡಿಗೆ ಸೇರಿಸುವ ಅರ್ತ್ ಪಟ್ಟಿಯಲ್ಲಿ, ಇಲ್ಲವೇ ಕಿಡಿಗಾಗಿ ಕರೆಂಟ್ ಕಡಿದು ಜೋಡಿಸುವ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟಿನಲ್ಲಿ. ಸೆಲ್ಫ್ (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ತಿರುಗದಿರುವುದು ಒಂದು ಕಾಯಿಲೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿರುವುದು ಬೇರೆಯೇ ಕಾಯಿಲೆ. ಬಾನೆಟ್ ಎತ್ತುವ ಮೊದಲು ಯಾವುದು ಅಂತ ಕಿವಿಯಿಂದಲೇ ತಿಳಿದುಕೊಳ್ಳಬೇಕು.

ಸೆಲ್ಫ್ ಎಳೆದಾಡಿದರೆ, ಅಥವಾ ಸೆಲ್ಫಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಸೊಲೆನಾಯ್ಡ್ ಕಟಕಟ ಎಂದು ನಿಂತರೆ ಬ್ಯಾಟರಿ ಅಳೆಯಿರಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ ಖಾಲಿ, ಚಾರ್ಜ್ ಮಾಡಿ ಆಮೇಲೆ ಮುಂದಿನ ಮಾತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಿದ್ದೂ ಸೆಲ್ಫ್ ಏಳದಿದ್ದರೆ ಹೊಸ ಸೆಲ್ಫ್ ಮೋಟಾರ್ ತರಲು ಓಡಬೇಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಡೆಯ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಒತ್ತಿ, ಬೇರೊಬ್ಬರಿಂದ ಸೆಲ್ಫ್ ಹೊಡೆಸಿ. ಇಲ್ಲಿ 0.3 ವೋಲ್ಟಿಗಿಂತ ಹೆಚ್ಚು ಬಂದರೆ ವೋಲ್ಟೇಜ್ ಅರ್ತ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಇದೇ ರೀತಿ ಇನ್ನೊಂದು ಕಂಬದಿಂದ ಸೆಲ್ಫ್ ಮೋಟಾರಿನ ಟರ್ಮಿನಲ್‌ವರೆಗೆ 0.5ರ ಒಳಗಿರಬೇಕು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಬಾಡಿಗೂ ಎಂಜಿನ್ನಿಗೂ ಇರುವ ದಪ್ಪ ಸಂಪರ್ಕ ಆ ಹೆಣೆದ ಅರ್ತ್ ಪಟ್ಟಿ ಒಂದೇ. ಅದು ಎಳೆ ಎಳೆಯಾಗಿ ತುಂಡಾಗಿದ್ದರೆ ಕರೆಂಟ್ ಚೋಕ್ ಕೇಬಲ್ ಹಿಡಿದು ಹರಿಯುತ್ತದೆ. ಮೂರ್ನಾಲ್ಕು ಸಲ ಸೆಲ್ಫ್ ಹೊಡೆದು ಚೋಕ್ ಕೇಬಲಿನ ಹೊದಿಕೆ ಮುಟ್ಟಿನೋಡಿ: ಬೆಚ್ಚಗಾಗಿದ್ದರೆ, ಒಳಗಿನ ವೈರ್ ಅಂಟಿಕೊಂಡಂತೆ ಬಿಗಿಯಾಗಿದ್ದರೆ ಅನುಮಾನವೇ ಬೇಡ. ಹೊಸ ಪಟ್ಟಿ ಹಾಕುವಾಗ ಎರಡೂ ತುದಿ ಕೂರುವ ಜಾಗದ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ವ್ಯಾಸಲಿನ್ ಸವರಿ.

ಸೊಲೆನಾಯ್ಡ್ ಒಮ್ಮೆ ದಡ್ ಎಂದು ಸುಮ್ಮನಾದರೆ ಸೆಲ್ಫಿನ ಪಿನಿಯನ್ (ಸಣ್ಣ ಹಲ್ಲುಚಕ್ರ) ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಂಡಿರಬಹುದು. ಸ್ವಿಚ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದರೆ ಬಿಡುತ್ತದೆ. ಪಿನಿಯನ್ ಓಡಾಡುವ ಕೊಳವೆಗೆ (ಸ್ಲೀವ್) ಆಯಿಲ್ ಹಾಕಲೇಬೇಡಿ, ಕ್ಲಚ್ ಧೂಳು ಮೆತ್ತಿಕೊಂಡು ಮತ್ತೆ ಕಚ್ಚುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು.

ಸೆಲ್ಫ್ ಗಿರ್ರನೆ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಒಂದು ಪ್ಲಗ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಓವರ್‌ಫ್ಲೋ ಆಗಿದೆ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ಕಿಡಿ ಪರೀಕ್ಷೆಗೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ವೈರ್ ತೆಗೆದು, ಇನ್ಸುಲೇಟೆಡ್ ಇಕ್ಕಳದಲ್ಲಿ ಬ್ಲಾಕಿನಿಂದ 6 ಮಿ.ಮೀ. ದೂರ ಹಿಡಿದು ಸೆಲ್ಫ್ ಹೊಡೆಸಿ. ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ಚಟ್ ಚಟ್ ಎಂದು ನೀಲಿ ಕಿಡಿ ಹಾರಬೇಕು. ತೆಳ್ಳಗೆ ಹಳದಿಯಾಗಿ ಬಂದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ಪಾಯಿಂಟ್ ಸೋತಿದೆ.

ಏನೂ ಬರದಿದ್ದರೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಟರ್ಮಿನಲ್‌ಗೆ ಮೀಟರ್ ಇಡಿ. ಸ್ವಿಚ್ ಆನ್ ಮಾಡಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಪಾಯಿಂಟ್ ತೆರೆದರೆ 12 ವೋಲ್ಟ್, ಮುಚ್ಚಿದರೆ ಸೊನ್ನೆಯ ಹತ್ತಿರ ಬರಬೇಕು. ಯಾವಾಗಲೂ 12 ಇದ್ದರೆ ಪಾಯಿಂಟ್ ಮುಖಕ್ಕೆ ಕಿಲುಬಿನ ಪೊರೆ ಕಟ್ಟಿದೆ, ಅಥವಾ ಒಳಗಿನ ಸಣ್ಣ ಮೆದು ವೈರ್ ತುಂಡಾಗಿದೆ. ಆ ವೈರ್ ಹೊದಿಕೆಯೊಳಗೇ ತುಂಡಾಗುವುದರಿಂದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಯಾವಾಗಲೂ ಸೊನ್ನೆ ಇದ್ದರೆ ಮೊದಲು ಕಾಯಿಲಿನ ಇನ್ನೊಂದು ಟರ್ಮಿನಲ್‌ಗೆ 12 ಬರುತ್ತಿದೆಯೇ ನೋಡಿ. ಅಲ್ಲಿ ಬರುತ್ತಿದ್ದರೆ ಹೊಸ ಪಾಯಿಂಟ್ ಕೂರಿಸಿದವರು ಕರೆಂಟ್ ತಡೆಯುವ ಫೈಬರ್ ವಾಷರ್ ಅದಲುಬದಲು ಮಾಡಿರಬಹುದು, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿರಬಹುದು. ಕಂಡೆನ್ಸರ್ ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು. ಹೊಸದನ್ನೂ ಅಳೆದೇ ಹಾಕಿ. ಚೆನ್ನಾಗಿರುವ ಹಳೆಯದನ್ನು ಎಸೆಯಬೇಡಿ. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ 0.6. ಪಾಯಿಂಟ್ ಉಜ್ಜಿದ ಮೇಲೆ ಅದರ ನಡುವೆ ಒಣ ಕಾಗದ ಎಳೆದು ತೆಗೆಯಿರಿ, ಬೆರಳಿನ ಜಿಡ್ಡು ಉಳಿದರೂ ಕಿಡಿ ಸಾಯುತ್ತದೆ.

ಚಿಕ್ಕಬಳ್ಳಾಪುರದ ಕಡೆ ಡಿಸೆಂಬರ್, ಜನವರಿಯ ಮಂಜಿನಲ್ಲಿ ಹೊರಗೆ ನಿಂತ ಗಾಡಿಗೆ ಕ್ಯಾಪಿನ ಒಳಗೇ ತೇವ ಕಟ್ಟುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯಿರಿ. ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಒಂದು ಕಂಬದಿಂದ ಇನ್ನೊಂದಕ್ಕೆ ಹರಿದಿದ್ದರೆ ಆ ಕ್ಯಾಪ್ ಬದಲಿಸಲೇಬೇಕು. ಕೆರೆದರೂ ಗೆರೆ ಮರಳಿ ಬರುತ್ತದೆ.

ಇನ್ನು ಪೆಟ್ರೋಲ್. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬೊರೇಟರಿನ ಪೆಟ್ರೋಲ್ ತೊಟ್ಟಿ, ಅಂದರೆ ಫ್ಲೋಟ್ ಚೇಂಬರ್, ಆರಿರುತ್ತದೆ. ಪಂಪಿಗೆ ಕೈಹಿಡಿ ಇದ್ದರೆ ಹತ್ತಿಪ್ಪತ್ತು ಸಲ ಒತ್ತಿ, ಬ್ಯಾಟರಿ ಉಳಿಯುತ್ತದೆ. ಪಂಪ್ ಪರೀಕ್ಷೆಗೆ ಕಾಯಿಲಿನ ನಡುವಿನ ವೈರನ್ನು ಬ್ಲಾಕಿಗೆ ಅರ್ತ್ ಮಾಡಿ, ಕಾರ್ಬೊರೇಟರ್ ಕಡೆಯ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಸಿ. ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಟ್ಟಿಯಾಗಿ ಚಿಮ್ಮಬೇಕು. ಗುಳ್ಳೆ ಬಂದರೆ ಟ್ಯಾಂಕಿನ ಕಡೆಯ ರಬ್ಬರ್ ಪೈಪ್ ಸೀಳಿ ಗಾಳಿ ಎಳೆಯುತ್ತಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪೂ ಪಂಪಿನೊಳಗಿನ ಡಯಾಫ್ರಮ್ ಎಂಬ ಪೊರೆಯೂ ಬೇಗ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ.

ಏಪ್ರಿಲ್ ಬಿಸಿಲಿನಲ್ಲಿ ನಂದಿಬೆಟ್ಟ ಹತ್ತಿ ನಿಲ್ಲಿಸಿದ ಗಾಡಿ ಹತ್ತು ನಿಮಿಷದ ನಂತರ ಹಿಡಿಯದಿದ್ದರೆ ಅದು ವೇಪರ್ ಲಾಕ್, ಅಂದರೆ ಪೆಟ್ರೋಲ್ ಆವಿ ದಾರಿಗೆ ಅಡ್ಡ ನಿಲ್ಲುವುದು. 1478 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಬಿಸಿ ಪಂಪಿನಲ್ಲಿ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಬಾನೆಟ್ ಎತ್ತಿ, ಪಂಪಿಗೂ ಅದರ ಪೈಪಿಗೂ ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆ ಬಿಡಿ. ಆಮೇಲೆ ಚೋಕ್ ಎಳೆಯದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಸೆಕೆಂಡ್ ಮಾತ್ರ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ.